ಅತ್ತೆಯ ಮೊಣಕಾಲಿಗೆ ಕೊಟ್ಟ ಕಾವು

ನನ್ನ ಅತ್ತೆ ಯಾರನ್ನೂ ಸುಮ್ಮಸುಮ್ಮನೆ ಹೊಗಳುವವರಲ್ಲ. ನಾನು ಬಡಿದ ರೊಟ್ಟಿ ದಪ್ಪ, ಪಲ್ಯ ಸಪ್ಪೆ, ನಡಿಗೆ ನಿಧಾನ. ಆದರೆ ಅವರ ಮೊಣಕಾಲಿಗೆ ಔಡಲೆಣ್ಣೆ ಸವರಿ, ಬಾಡಿಸಿದ ಎಕ್ಕದ ಎಲೆ ಸುತ್ತಿ, ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟಾಗ ಮಾತ್ರ, "ನಿನ್ನ ಕೈಯಾಗ ಗುಣ ಐತಿ ನೋಡವಾ" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ದಿನವಿಡೀ ಬೈಸಿಕೊಳ್ಳಲು ನಾನು ತಯಾರಿದ್ದೆ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ನಾವಿದ್ದದ್ದು ಮಸ್ಕಿಯಲ್ಲಿ. ಅತ್ತೆಯ ಮಗಳನ್ನು, ಅಂದರೆ ನನ್ನ ನಾದಿನಿಯನ್ನು, ಲಿಂಗಸುಗೂರಿಗೆ ಕೊಟ್ಟಿತ್ತು. ಮೊದಲೆರಡು ಹೆರಿಗೆ ನಮ್ಮ ಮನೆಯಲ್ಲಾಗಿದ್ದವು, ಮೂರನೆಯದು ಗಂಡನ ಮನೆಯಲ್ಲೇ ಎಂದು ಮಾತಾಗಿತ್ತು. "ಅವ್ವ ಬರಲಾರದ ನಾ ಹಡಿಯಂಗಿಲ್ಲ" ಎಂದು ನಾದಿನಿ ಹೇಳಿ ಕಳಿಸಿದ್ದಳು. ಅತ್ತೆಗೆ ಹೋಗುವ ಆತುರ. ಆದರೆ ಬಾಣಂತನವೆಂದರೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯಬೇಕಲ್ಲ, ಮೊಣಕಾಲು ಮಾತು ಕೇಳುತ್ತಿರಲಿಲ್ಲ.

ಸಿಂಧನೂರಿನ ನನ್ನ ತವರಿಗೆ ಹೋದವಳು ಅಲ್ಲಿನ ದವಾಖಾನೆಯಿಂದ ನೋವಿಗೆ ಹಚ್ಚುವ ಔಷಧಿ ತಂದೆ. ಸೀಸೆಯಲ್ಲಿ ಬೆಳ್ಳಗಿತ್ತು, ಕರ್ಪೂರದ ಘಾಟು. ಕೊಟ್ಟ ಕಂಪೌಂಡರ್ ನಿಲ್ಲಿಸಿ ಹೇಳಿದ:

"ತೆಳ್ಳಗ ಸವರ್ರಿ ಅಕ್ಕಾರ. ಮ್ಯಾಲೆ ಬಟ್ಟಿ ಕಟ್ಟಬ್ಯಾಡ್ರಿ. ಕಾವು ಅಂತೂ ಕೊಡಾಕಽ ಹೋಗಬ್ಯಾಡ್ರಿ, ಚರ್ಮ ಸುಡತೈತಿ. ಹಚ್ಚಿದ ಮ್ಯಾಲೆ ಕೈ ತೊಳಕೊಳ್ರಿ, ಕಣ್ಣಿಗೆ ತಾಕಬಾರದು."

ಬಾಗಿಲ ತನಕ ಬಂದು ಇನ್ನೊಮ್ಮೆ ಅದನ್ನೇ ಹೇಳಿದ. ನನಗೇನು ಕಿವಿ ಇಲ್ಲವೇ ಎಂದು ಸಿಟ್ಟು ಬಂತು.

ಮನೆಗೆ ಬಂದು ಹಚ್ಚಿದೆ. ಅತ್ತೆ "ಕಾವು ಕೊಡಂಗಿಲ್ಲೇನು?" ಎಂದರು. ಕಂಪೌಂಡರ್ ಬೇಡ ಅಂದಿದ್ದಾನೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಗುಣವೆಲ್ಲ ಸೀಸೆಯದಾಗುತ್ತದೆ, ನನ್ನ ಕೈಯದೇನು ಉಳಿಯುತ್ತದೆ ಅನ್ನಿಸಿತು. ಎಲೆ ಸುತ್ತಿ, ಬಿಗಿಯಾಗಿ ಬಟ್ಟೆ ಕಟ್ಟಿ, ಉಪ್ಪಿನ ಗಂಟು ಒತ್ತಿದೆ.

"ಉರಿಯಾಕತ್ತೈತೇನ್ರಿ ಅತ್ತಿ?"

"ಉರೀಲಿ ಬಿಡು. ನೋವು ಹೊರಗ ಬರಾಕತ್ತೈತಿ."

ಹಲ್ಲು ಕಚ್ಚಿ ಕೂತರು. ಬಿಚ್ಚಿದಾಗ ಎಲೆಯ ಜೊತೆ ಚರ್ಮವೂ ಬಂತು.

ಗಾಯ ಕೀವಾಯಿತು, ಜ್ವರ ಬಂತು. ನೋಡಲು ಬಂದವರಿಗೆಲ್ಲ ಅತ್ತೆ, "ಔಷಧ ಕೆಟ್ಟಿತ್ತು, ಪಾಪ, ಇಕಿ ಏನ್ ಮಾಡ್ಯಾಳು" ಎನ್ನುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಎಂಟನೆಯ ದಿನ ಲಿಂಗಸುಗೂರಿನಿಂದ ಆಳು ಬಂದ, ನಾದಿನಿಗೆ ನೋವು ಶುರುವಾಗಿತ್ತು. ಅತ್ತೆ ಎದ್ದು ಎರಡು ಹೆಜ್ಜೆ ಇಟ್ಟು ಕುಸಿದರು. ಗಾಡಿಯಲ್ಲಿ ಹಾಕಿಕೊಂಡಾದರೂ ಒಯ್ಯಿರಿ ಎಂದು ಬೇಡಿದರು. ಆ ಜ್ವರದ ಮೈಯಲ್ಲಿ ಯಾರೂ ಬಿಡಲಿಲ್ಲ.

ಮರುದಿನ ಅದೇ ಆಳು ಮತ್ತೆ ಬಂದ. ಕೂಸು ಉಳಿದಿತ್ತು, ನಾದಿನಿ ಹೋಗಿದ್ದಳು.

ಗಾಡಿಯಲ್ಲಿ ಹುಲ್ಲು ಹಾಸಿ ಅತ್ತೆಯನ್ನು ಈಗ ಕರೆದೊಯ್ದೆವು. ನಾದಿನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. "ಕಡೀತನಕಾ ಅವ್ವ ಬಂದ್ಲೇನು ಅಂತ ಕೇಳ್ತಿದ್ಲು" ಎಂದಳು ಅವಳ ನೆಗೆಣ್ಣಿ. ಅತ್ತೆ ಅಳಲಿಲ್ಲ. ಮಗಳ ಎದುರಿಗೆ ಕಾಲು ಚಾಚಿ ಕೂತು, ಸೀರೆ ಸರಿಸಿ, ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದರು.

"ಇಲ್ನೋಡವಾ. ಇದಕ್ಕಽ ಬರಾಕ ಆಗಲಿಲ್ಲ. ಸಿಟ್ಟಾಗಬ್ಯಾಡ."

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.