ನೆಲದಾಳದ ಬಿಸಿಗೊಂದು ಬೂದು ಪಟ್ಟಿ

ಆಳಕ್ಕಿಳಿದಷ್ಟೂ ತಂಪು ಅನ್ನುತ್ತಾರೆ ಬಾವಿಗೆ ಇಳಿದವರು. ಇಲ್ಲ, ಇಳಿದಷ್ಟೂ ಬಿಸಿ, ಅದೂ ಎಲ್ಲೆಡೆ ಒಂದೇ ಲೆಕ್ಕದಲ್ಲಿ ಅನ್ನುತ್ತಾರೆ ಪಠ್ಯಪುಸ್ತಕ ಓದಿದವರು. ನಾನು ಎರಡನೇ ಪಕ್ಷ. (ಡಿಬೇಟ್‌ನಲ್ಲಿ ಬೆಳೆದವನಿಗೆ ಪಕ್ಷ ಬೇಕೇ ಬೇಕು.) ಆದರೆ ಎಲ್ಲ ಕಡೆ ಇಳಿದು ನೋಡಿ ಬಂದವರು ಯಾರು?

ಕಳೆದ ಭಾನುವಾರ ಒಂಟಿಕೊಪ್ಪಲ್‌ನ ಜೆಸಿಂತಾ ಅಕ್ಕನ ಮನೆಯಲ್ಲಿ ಇದೇ ವಾದ ಹೂಡಿ ಸಿಕ್ಕಿಬಿದ್ದೆ. ಕಾಲೇಜಿನಲ್ಲಿ ನನಗೆ ವಾದ ಮಾಡಲು ಕಲಿಸಿದವರೇ ಅವರು. ಈಗ ಕಂಪನಿಯೊಂದಕ್ಕೆ ನೆಲದಾಳದ ಬಿಸಿ ಅಂದಾಜು ಮಾಡಿಕೊಡುತ್ತಾರೆ.

"ನಮ್ಮ ಕಡೇದು ಹಳೇ ಬಂಡೆ ಕಣೋ, ಅಷ್ಟು ಬೇಗ ಬಿಸಿಯೇರಲ್ಲ. ಬೇರೆ ಕಡೆ ಲೆಕ್ಕಾನೇ ಬೇರೆ."

ಆಳಕ್ಕೆ ಕೊರೆದು ತಾಪ ಅಳೆದ ಜಾಗಗಳು ಕಡಿಮೆ. ಆ ಅಳತೆಗಳನ್ನೂ ಬಂಡೆಗಳ ಗುಣವನ್ನೂ ಕಂಪ್ಯೂಟರಿಗೆ ಉಣಿಸಿದರೆ, ಅದು ಸಂಖ್ಯಾಶಾಸ್ತ್ರದ ದಾರಿ ಹಿಡಿದು ಯಾರೂ ಕೊರೆಯದ ಜಾಗದ ಬಿಸಿಯನ್ನೂ ಹೇಳುತ್ತದಂತೆ.

"ಇದು ಜ್ಯೋತಿಷ್ಯ ಅಲ್ವೇನಕ್ಕಾ?"

"ಜ್ಯೋತಿಷಿ ತಾನೆಷ್ಟು ತಪ್ಪಬಹುದು ಅಂತಾನೂ ಹೇಳ್ತಾನೇನೋ? ಬಾ, ನೀನೇ ಟೆಸ್ಟ್ ಮಾಡ್ಬುಡು."

ಅವರದೊಂದು ಪದ್ಧತಿ. ಕೊರೆದ ಒಂದು ಬಾವಿಯ ಅಳತೆಯನ್ನು ಕಂಪ್ಯೂಟರಿಗೆ ತೋರಿಸದೆ ಮುಚ್ಚಿಟ್ಟು, ಉಳಿದವುಗಳಿಂದ ಅದನ್ನು ಊಹಿಸಲು ಬಿಡುವುದು. ಮುಚ್ಚಿಟ್ಟ ಅಳತೆಯನ್ನು ನನ್ನ ಮೊಬೈಲಿಗೆ ಕಳಿಸಿದರು. ಪರದೆಯ ಮೇಲೆ ಒಂದು ಗೆರೆ ಮೂಡಿತು: ಎಷ್ಟು ಆಳಕ್ಕೆ ಎಷ್ಟು ಬಿಸಿ. ಗೆರೆಯ ಎರಡೂ ಬದಿಗೆ ಬೂದು ಪಟ್ಟಿ: ನಿಜ ಇಷ್ಟರೊಳಗೆ ಇರಬಹುದು. ಮೊಬೈಲ್ ನೋಡಿದೆ. ಮುಚ್ಚಿಟ್ಟ ಅಳತೆ ಪಟ್ಟಿಯೊಳಗೇ! ಸೂರ್ಯನನ್ನೇ ಕಾಣದ ಬಂಡೆಯ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ. ಮೈ ಜುಮ್ಮೆಂದಿತು.

"ಈಗೇನಂತೀರಿ, ಲಾಯರ್ ಸಾಹೇಬ್ರು?"

ಸೋತೆ ಅಕ್ಕಾ ಎಂದು ಮೊಬೈಲ್ ಕೆಳಗಿಟ್ಟೆ.

ಆಮೇಲೆ ಅಕ್ಕ, ಕಂಪನಿಯವರು ಕೊರೆಯಬೇಕೆಂದಿರುವ ಜಾಗವನ್ನು ತೋರಿಸಿದರು. ನೆಲದ ಬಿಸಿಯಿಂದ ಕರೆಂಟು ತೆಗೆಯುವ ಯೋಜನೆ. ಸುತ್ತಮುತ್ತ ಒಂದೂ ಅಳತೆಯಿಲ್ಲ. ಅಲ್ಲಿ ಪಟ್ಟಿ ಹಿಗ್ಗಿ ಪರದೆಯನ್ನೇ ತುಂಬಿತು. ನನಗೆ ಇದೇ ದೊಡ್ಡ ಬೆರಗು. 'ಇಲ್ಲಿ ನನಗೆ ಅಷ್ಟಾಗಿ ಗೊತ್ತಿಲ್ಲ' ಎಂದು ವೇದಿಕೆಯ ಮೇಲೆ ಒಪ್ಪಿಕೊಂಡ ಒಬ್ಬ ಚರ್ಚಾಪಟುವನ್ನು ತೋರಿಸಿ ನೋಡೋಣ. (ನನ್ನನ್ನು ಬಿಟ್ಟುಬಿಡಿ, ಒಪ್ಪಿಕೊಂಡವನಲ್ಲ.)

ಅಕ್ಕನ ಮುಖ ಮಾತ್ರ ಗಂಭೀರವಾಗಿತ್ತು. ಪಟ್ಟಿ ನೋಡಿದರೆ ಬಂಡವಾಳ ಹಾಕುವವರು ಹೆದರುತ್ತಾರೆ, ಅಳಿಸಿ ಗೆರೆಯನ್ನಷ್ಟೇ ಕೊಡಿ ಎಂದಿದ್ದಾರಂತೆ ಮ್ಯಾನೇಜರು.

"ಆಗಲ್ಲ ಸರ್ ಅಂದ್ಬುಟ್ಟೆ ಕಣೋ. ಕೆಲಸ ಉಳಿಯುತ್ತೋ ಇಲ್ವೋ, ಮುಂದಿನ ಮೀಟಿಂಗಲ್ಲಿ ಗೊತ್ತಾಗುತ್ತೆ."

ಆ ಮೀಟಿಂಗ್ ಇನ್ನೂ ಆಗಿಲ್ಲ. ಮ್ಯಾನೇಜರು ಈ ಅಂಕಣ ಓದುತ್ತಾರಂತೆ. (ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಸ್ವಾಮಿ, ಗೆರೆಯನ್ನಷ್ಟೇ ನಂಬಿ ಕೊರೆದ ಮೇಲೆ ಬಂಡೆ ತಣ್ಣಗೆ ಸಿಕ್ಕರೆ, ಆಗ ಯಾರನ್ನು ಕೆಲಸದಿಂದ ತೆಗೆಯುತ್ತೀರಿ?