ತಿಕ್ಕಿದ ಹೆಸರು

ಕೋಥರೂಡದ ಆ ಸೊಸೈಟಿಯಲ್ಲಿ ಸಾವಂತ್ರವ್ವನ ಮನೆಯ ಪಾತ್ರೆಗಳಿಗಿದ್ದ ಹೊಳಪು ಬೇರೆ ಯಾರ ಮನೆಯ ಪಾತ್ರೆಗೂ ಇರಲಿಲ್ಲ. ಜಮಖಂಡಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಹೆಣ್ಣು. ಮರಾಠಿ ಕಲಿಯುವ ಮೊದಲೇ ಒಳ್ಳೆಯ ಹುಣಸೆಹಣ್ಣು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಪತ್ತೆ ಹಚ್ಚಿದ್ದಳು. ತಿಕ್ಕುವುದೆಂದರೆ ಅವಳಿಗೆ ಜೀವ. ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗಂಡ ಮುರುಗೆಪ್ಪ, "ಸುಮ್ನ ಕುಂತ್ರ ನನ್ನೂ ತಿಕ್ಕಿ ಬಿಸಿಲಿಗೆ ಇಡ್ತಾಳ" ಎಂದು ಗಿರಾಕಿಗಳ ಮುಂದೆ ನಗಾಡುತ್ತಿದ್ದ. ಅವನು ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಅವನು ಬಿಟ್ಟುಹೋದ ವಸ್ತುಗಳಲ್ಲಿ ಒಂದು ಜೋಡುನಳಿಗೆಯ ಬಂದೂಕು. ಅವನ ಅಪ್ಪ ಮಹದೇವಪ್ಪ ಸಂಸ್ಥಾನದ ಕಾಲದಲ್ಲಿ ಕೊಂಡದ್ದು. ಗುಂಡು ಹಾರಿಸುವ ಕುದುರೆಯ ಕೆಳಗಿನ ಹಿತ್ತಾಳೆ ಪಟ್ಟಿಯ ಮೇಲೆ ಬಂದೂಕಿನ ನಂಬರನ್ನೂ ಅದರ ಪಕ್ಕದಲ್ಲಿ ತನ್ನ ಹೆಸರನ್ನೂ ಕೊರೆಸಿದ್ದ. ಮುರುಗೆಪ್ಪನಂತೂ ಅದರಿಂದ ಒಂದು ಕಾಗೆಯನ್ನೂ ಹೊಡೆದವನಲ್ಲ. ಆದರೂ ಲೈಸೆನ್ಸು ತಪ್ಪದೆ ನವೀಕರಿಸುತ್ತಿದ್ದ, ಚುನಾವಣೆ ಬಂದಾಗ ಠಾಣೆಗೆ ಒಯ್ದು ಒಪ್ಪಿಸುತ್ತಿದ್ದ. ಅಲ್ಲಿಯವರು ಕಾಗದದ ಮೇಲಿದ್ದ ನಂಬರನ್ನೇ ನೋಡಿ ಬರೆದುಕೊಳ್ಳುತ್ತಿದ್ದರು.

ಇನ್ನು ಅದು ಕಪಾಟಿನಿಂದ ಹೊರಬರುತ್ತಿದ್ದದ್ದು ನವಮಿಯ ಖಂಡೇಪೂಜೆಗೆ. ದೇವರ ಮುಂದೆ ಮಾಸಿದ ಆಯುಧ ಇಡುವುದುಂಟೆ? ಸಾವಂತ್ರವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ಪಟ್ಟಿ ಬಂಗಾರದಂತೆ ಮಿಂಚುವವರೆಗೆ ಬಿಡುತ್ತಿರಲಿಲ್ಲ. ಪ್ರತಿ ವರ್ಷವೂ ಹೀಗೆ, ಸುಮಾರು ನಲವತ್ತು ವರ್ಷ. ಮೊದಲು ಮಾವನ ಹೆಸರು ಸವೆಯಿತು, ಆಮೇಲೆ ನಂಬರು. ಹೊಳಪು ನೋಡುವ ಸಂಭ್ರಮದಲ್ಲಿ ಅದು ಮನೆಯ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ಬಂದೂಕನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮಗ ಮಾಂತು ಅರ್ಜಿ ಹಾಕಿದ. ಠಾಣೆಗೆ ಹೊಸದಾಗಿ ಬಂದ ಸಾಹೇಬರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು, ಭೂತಗನ್ನಡಿ ತರಿಸಿ ಮತ್ತೆ ನೋಡಿದರು. ಬಂದೂಕಿನ ಗುರುತು ಅಳಿಸುವುದು ಜೈಲಿಗೆ ಹೋಗುವಂಥ ಅಪರಾಧ, ನಾಳೆ ತಾಯಿಯನ್ನೂ ಕರೆದುಕೊಂಡು ಬಂದು ಹೇಳಿಕೆ ಕೊಡಿ ಎಂದರು. ಬಂದೂಕು ಅಲ್ಲೇ ಉಳಿಯಿತು.

ಮಾಂತು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅವ್ವಾ, ನಾಳೆ ನೀ ಬಾಯಿ ಬಿಡಬ್ಯಾಡ. ಅಪ್ಪ ಅಳಿಸಿದ್ರು, ಯಾಕಂತ ನಮಗ ಗೊತ್ತಿಲ್ಲ ಅಂತೀನಿ. ಸತ್ತವರನ್ನ ಯಾರ ಹಿಡ್ಕೊಂಡ ಹೋಗ್ತಾರ?"

"ನಿಮ್ಮಪ್ಪ ಎಲ್ಲಿ ಅಳಿಸ್ಯಾರ? ನಾ ತಿಕ್ಕಿದ್ದು."

"ಹಂಗಂದ್ರ ನಿನ್ನ ಒಳಗ ಹಾಕ್ತಾರ. ಈ ವಯಸ್ಸಿನ್ಯಾಗ ನಿನ್ನ ಅಲ್ಲಿ ನೋಡಲಿ ಏನು ನಾ?"

ಮಗನ ಕಣ್ಣಲ್ಲಿ ನೀರಾಡಿದ್ದನ್ನು ನೋಡಿ ಅವಳು ಸುಮ್ಮನಾದಳು. ಅವಳಿಗೂ ಹೆದರಿಕೆಯಿತ್ತು. ಜೈಲೆಂದರೆ ಯಾರಿಗೆ ಹೆದರಿಕೆಯಿಲ್ಲ?

ಮರುದಿನ ಠಾಣೆಯಲ್ಲಿ ಬಂದೂಕು ಮೇಜಿನ ಮೇಲೆ ಉದ್ದಕ್ಕೆ ಮಲಗಿತ್ತು. ಮಾಂತು ಪಾಠ ಒಪ್ಪಿಸಿದಂತೆ ಮರಾಠಿಯಲ್ಲಿ ಎಲ್ಲ ಹೇಳಿದ. ಪಕ್ಕದಲ್ಲಿ ಒಬ್ಬ ಪೊಲೀಸ್ ಬರೆದುಕೊಳ್ಳುತ್ತಿದ್ದ.

"ತಂದೆ ಯಾಕೆ ಅಳಿಸಿದರು? ಕಳ್ಳ ಮಾಲೇನು ಇದು?" ಸಾಹೇಬರು ಕೇಳಿದರು. "ಅಸಲಿ ಬಂದೂಕು ಮಾರಿ ಇದನ್ನು ಇಟ್ಟುಕೊಂಡಿದ್ದರೇ?"

ಮಾಂತು ಬೆವರು ಒರೆಸಿಕೊಂಡ. "ಗೊತ್ತಿಲ್ಲ ಸಾಹೇಬ. ಇರಬಹುದು."

ಆ ಇರಬಹುದು ಅನ್ನುವ ಮಾತು ಸಾವಂತ್ರವ್ವನ ಎದೆಗೆ ನಾಟಿತು. ಗಿರಾಕಿ ಮರೆತುಹೋದ ಕೊಡೆಯನ್ನು ಮುಂದಿನ ಮಳೆಗಾಲದವರೆಗೆ ಕಾದಿಟ್ಟು ಕೊಟ್ಟ ಮನುಷ್ಯ ಮುರುಗೆಪ್ಪ. ಅವನ ಹೆಣಕ್ಕೆ ಹೆಗಲು ಕೊಟ್ಟ ಮಗನೇ ಇವತ್ತು ಕಳ್ಳನೆಂದು ಬರೆಸುತ್ತಿದ್ದಾನೆ. ಅವಳಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತಳು.

"ಅಳಿಸಿದವಳು ನಾನು," ಎಂದಳು ಮರಾಠಿಯಲ್ಲೇ. ಮಾಂತು ಸೆರಗು ಜಗ್ಗಿದ, ಕೊಸರಿಕೊಂಡಳು.

"ಆಜಿ, ಖರಂ ಸಾಂಗಾ. ನಿಜ ಹೇಳಿ," ಎಂದರು ಸಾಹೇಬರು. "ಯಾರನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಿ?"

"ಉಳಿಸುವುದೇನಿದೆ? ಖಂಡೇಪೂಜೆಗೆಂದು ತಿಕ್ಕಿದೆ. ಬಂದ ವರ್ಷದಿಂದಲೂ ತಿಕ್ಕಿದೆ."

"ಇಷ್ಟು ನುಣ್ಣಗಾಗುವ ಹಾಗೆ?"

"ನಮ್ಮ ಮನೆಗೆ ಬಂದು ತಂಬಿಗೆ ನೋಡಿ. ತವರಿನವರು ಅದರ ಮೇಲೆ ನನ್ನ ಹೆಸರು ಹಾಕಿಸಿ ಕೊಟ್ಟಿದ್ದರು. ಈಗ ಆ ಹೆಸರೂ ಇಲ್ಲ."

ಬರೆಯುತ್ತಿದ್ದವನು ತಲೆ ತಗ್ಗಿಸಿ ನಕ್ಕ. ಸಾಹೇಬರು ನಗಲಿಲ್ಲ. "ಬಂದೂಕಿನ ಒಳಗೂ ನಂಬರು ಇರುತ್ತದೆ. ಅದನ್ನೂ ತಿಕ್ಕಿದಿರಾ?"

"ಬಿಚ್ಚಲು ನನಗೆಲ್ಲಿ ಬರುತ್ತದೆ? ಅವರಿಗೂ ಬರುತ್ತಿರಲಿಲ್ಲ."

ಸಾಹೇಬರು ಆಯುಧದ ಕೋಣೆಯ ಹವಾಲ್ದಾರನನ್ನು ಕರೆದು, ಬಿಚ್ಚಲು ಹೇಳಿದರು. ಅವನು ನಳಿಗೆಗಳ ಕೆಳಗಿನ ಕಟ್ಟಿಗೆ ತುಂಡನ್ನು ಎಳೆದ. ಅದು ಬರಲಿಲ್ಲ. ಅಂಗೈಯಿಂದ ಹೊಡೆದ. ಒಳಗೂ ನಂಬರು ಇಲ್ಲದಿದ್ದರೆ ತಾನು ಇವತ್ತು ಮನೆಗೆ ಹೋಗುವುದಿಲ್ಲ ಎಂದು ಸಾವಂತ್ರವ್ವನಿಗೆ ಖಾತ್ರಿಯಾಗಿತ್ತು. ಕೊನೆಗೆ ತುಂಡು ಕಳಚಿತು. ಒಳಗೆಲ್ಲ ಹಳೆಯ ಎಣ್ಣೆ ಕರಿಗಟ್ಟಿತ್ತು. ಹವಾಲ್ದಾರ ಬಟ್ಟೆಯಿಂದ ಒರೆಸಿದ ಹಾಗೆಲ್ಲ ಒಂದೊಂದೇ ಅಂಕಿ ಎದ್ದಿತು. ಸಾಹೇಬರು ಲೈಸೆನ್ಸಿನ ಜೊತೆ ತಾಳೆ ನೋಡಿದರು. ಅದೇ ನಂಬರು.

"ಮುಚ್ಚಿಡುವ ಉದ್ದೇಶ ಇದ್ದವನು ಇದನ್ನು ಬಿಡುತ್ತಿರಲಿಲ್ಲ," ಎಂದರು. ಉಜ್ಜಿ ಸವೆದದ್ದೆಂದು ವರದಿ ಕಳಿಸುತ್ತೇನೆ, ಅಪ್ಪಣೆ ಬಂದ ಮೇಲೆ ನಂಬರು ಮತ್ತೆ ಕೊರೆಸಿಕೊಳ್ಳಿ ಎಂದರು. ಮಾಂತು ಎರಡೂ ಕೈ ಜೋಡಿಸಿ ಎದ್ದ.

ಸಾವಂತ್ರವ್ವ ಕದಲಲಿಲ್ಲ. "ಮೊದಲು ಬರೆದದ್ದನ್ನು ಹರಿದುಹಾಕಿ. ನಮ್ಮ ಯಜಮಾನರು ಅಳಿಸಿದರು ಅಂತ ಬರೆದಿದ್ದೀರಲ್ಲ, ಅದನ್ನು."

ಅದು ಹರಿದು ಬುಟ್ಟಿಗೆ ಬಿದ್ದ ಮೇಲೆಯೇ ಅವಳು ಹೊರಗೆ ಬಂದದ್ದು. ಮಾಂತು ಸ್ಕೂಟರಿನ ಹತ್ತಿರ ನಿಂತು, "ಅವ್ವಾ, ನಿನ್ನ ಸಲುವಾಗೇ ಹೇಳಿದ್ದೆ" ಎಂದ.

"ಗೊತ್ತದ," ಎಂದಳು ಅವಳು. ಸಿಟ್ಟು ಇಳಿದು ದನಿ ಸಣ್ಣಗಾಗಿತ್ತು. "ನಾಳೆ ನಾನೂ ಸಾಯಾಕಿ, ಮಾಂತೂ. ನನ್ನ ಮ್ಯಾಲ ಏನೇನ ಹೊರಸಾಂವ ಅದೀ?"