ಅಕ್ಕ ಚಿವುಟಿದ ಗೆರೆ

ಮೊನ್ನೆ ಬೆಟಗೇರಿಯ ಅಂಗಡಿಯೊಂದರಲ್ಲಿ ಹೊಸ ಕೈಮಗ್ಗದ ಸೀರೆ ಬಿಚ್ಚಿದಾಗ ಗಂಜಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಎದುರುಮನೆಯ ಅಕ್ಕ ನೆನಪಾದರು...

ನೇಕಾರರ ಮನೆ ಅವರದು. ಮಗ್ಗದಿಂದ ಇಳಿದ ಸೀರೆಯ ಮೇಲೆ ಅವರ ತಾಯಿ ಅಂಗೈ ಆಡಿಸುತ್ತಿದ್ದರು. ಎದ್ದುನಿಂತ ಎಳೆ ಸಿಕ್ಕರೆ ಚಿವುಟಿ ತೆಗೆದೇ ಮಡಿಕೆ ಹಾಕುವುದು. ಆ ಕೈ ಅಕ್ಕನಿಗೂ ಬಂದಿತ್ತು. ಆದರೆ ಅವರು ಕೂತದ್ದು ದೂರದೂರಿನ ಸಂಶೋಧನಾಲಯದಲ್ಲಿ, ಕಂಪ್ಯೂಟರಿನ ಮುಂದೆ. ಗಾಳಿ, ಕಡಲು, ಬಿಸಿಲುಗಳ ಲೆಕ್ಕ ಕಟ್ಟಿ, ಉತ್ತರ ಧ್ರುವದ ಕಡಲ ಮೇಲಿನ ಮಂಜುಗಡ್ಡೆ ಮುಂದೆ ಎಷ್ಟು ಉಳಿದೀತು ಎಂದು ಅಂದಾಜು ಮಾಡುವ ಕೆಲಸ.

ಓಣಿಯವರು ಬಿಡಬೇಕಲ್ಲ! ರಜೆಗೆ ಬಂದಾಗಲೆಲ್ಲ “ಆ ಬರ್ಫದ ಮಾತು ಹಂಗಿರ್ಲಿ, ಕೊರ್ಲಹಳ್ಳಿ ಹೊಳಿಗೆ ನೀರು ಯಾವಾಗ ಬರ್ತಾವ ಹೇಳವಾ” ಎಂದು ಕಾಡಿಸುತ್ತಿದ್ದರು. ನಮ್ಮ ನಲ್ಲಿಗೆ ನೀರು ಬರುವುದು ಆ ಹೊಳೆಯಿಂದಲೇ.

ಒಂದೇ ಲೆಕ್ಕವನ್ನು ತುಸು ತುಸು ಬದಲಿಸಿ ಹಲವು ಸಲ ಓಡಿಸುತ್ತಾರಂತೆ, ಪ್ರತಿ ಸಲವೂ ಗ್ರಾಫಿನಲ್ಲಿ ಒಂದು ಗೆರೆ. ಅಕ್ಕನ ಗೆರೆಗಳೆಲ್ಲ ನಿಧಾನವಾಗಿ ಇಳಿಯುತ್ತಿದ್ದರೆ ಒಂದು ಮಾತ್ರ ದಡದಡನೆ ಕೆಳಗೆ ಬಿದ್ದಿತ್ತು. ಅದನ್ನು ನಂಬಿದರೆ ಬೇಸಿಗೆಯ ಮಂಜುಗಡ್ಡೆ ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಬೇಗ ಕಾಣೆಯಾಗಬೇಕು. ತಪ್ಪು ಹುಡುಕಿದರು, ಸಿಗಲಿಲ್ಲ. ಆದರೂ ಆ ಕೈ ಸುಮ್ಮನಿರಲಿಲ್ಲ. ಆ ಗೆರೆಯನ್ನು ಬಿಟ್ಟು, ಉಳಿದವುಗಳ ಸರಾಸರಿಯನ್ನಷ್ಟೇ ಪ್ರಕಟಿಸಿದರು.

ವರ್ಷಗಳ ಮೇಲೆ ಕ್ಯಾನ್ಸರ್ ಅವರನ್ನು ಬೆಟಗೇರಿಗೆ ಮರಳಿಸಿತು. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ಆ ಸೆಪ್ಟೆಂಬರಿನಲ್ಲಿ, ಮಂಜುಗಡ್ಡೆ ತೀರಾ ಕಡಿಮೆಯಾಗುವ ಹೊತ್ತಿಗೆ, ಉಪಗ್ರಹದ ಚಿತ್ರ ತೋರಿಸು ಎಂದು ಹಟ ಹಿಡಿದರು. ಮೊಬೈಲ್ ಕೈಗೆ ಕೊಟ್ಟೆ. ಅಲ್ಲಿದ್ದ ಮಂಜುಗಡ್ಡೆ ಅವರ ಸರಾಸರಿಗಿಂತ ಎಷ್ಟೋ ಕಡಿಮೆ, ಅವರು ಬಿಟ್ಟ ಗೆರೆಗೇ ಹತ್ತಿರ.

“ಆ ಗೆರಿ ಖರೆ ಇತ್ತಪಾ. ಎದ್ದ ಎಳಿ ಅಂತ ನಾನ ಚೂಟಿ ಒಗದೆ.”

“ಒಂದ ವರ್ಷದ್ದು ನೋಡಿ ಹಂಗ ಅನಬ್ಯಾಡ್ರಿ, ಅಕ್ಕಾ” ಎಂದೆ.

“ಇನ್ನ ಮ್ಯಾಲರೆ ಅದು ಸುಳ್ಳಾಗ್ಲಿ ಅಂತ ಬೇಡ್ಕೋ. ನಾ ಈಗ ಅಂದದ್ದು ಖರೆ ಆಗೂದು ಬ್ಯಾಡ...”

ದೀಪಾವಳಿಗೆ ಮೊದಲೇ ತೀರಿಕೊಂಡರು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಲೋಕದ ಹೊಗೆಗೆಲ್ಲ ತಾವೊಬ್ಬರೇ ಹೊಣೆ ಎಂಬಂತೆ ಹೋದರಲ್ಲ!

ಈಗಲೂ ಪ್ರತಿ ಸೆಪ್ಟೆಂಬರಿನಲ್ಲಿ ಆ ಚಿತ್ರ ತೆರೆಯುತ್ತೇನೆ, ಅಕ್ಕ ಚಿವುಟಿದ ಗೆರೆ ಸುಳ್ಳಾಗಿರಲಿ ಎಂದೇ. ಒಂದೊಂದು ವರ್ಷ ಮಂಜುಗಡ್ಡೆ ತುಸು ಹೆಚ್ಚಿರುತ್ತದೆ. ಹೇಳಿ ಬರೋಣವೆಂದು ಎದ್ದುಬಿಡುತ್ತೇನೆ, ಎದುರುಮನೆಗೆ ಬೀಗ. ಮುಂದಿನ ವರ್ಷಗಳಲ್ಲಿ ಮಂಜುಗಡ್ಡೆ ಮತ್ತೆ ಇಳಿದಿರುತ್ತದೆ. ಆಗ, ಅಕ್ಕ ಇಲ್ಲದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಹಾಗೆ ಅನ್ನಿಸಿತಲ್ಲ ಎಂದು ಅಳು ಬರುತ್ತದೆ.